ಅಕ್ಕನ ಕ್ಯಾಲೆಂಡರು

ಅಕ್ಕ ತೀರಿಕೊಂಡ ಮಾರನೆಯ ಬೆಳಿಗ್ಗೆಯೂ ಅವಳ ಮನೆಯಿಂದ ಡೇರಿಗೆ ಹಾಲು ಹೋಯಿತು. 13 ಲೀಟರು 400 ಮಿಲಿ. ಆ ದಿನದ ಸ್ಲಿಪ್ಪು ಇನ್ನೂ ನನ್ನ ಬ್ಯಾಗಿನಲ್ಲಿದೆ.

ಹಿಂದಿನ ಸಂಜೆ ಮಣ್ಣು ಮಾಡಿ ಬಂದಿದ್ದೆವು. ರಾತ್ರಿ ಯಾರೂ ಸರಿಯಾಗಿ ಮಲಗಿರಲಿಲ್ಲ. ಬೆಳಗಿನ ಜಾವ ನಾಲ್ಕೂವರೆಗೆ ಕೊಟ್ಟಿಗೆಯಲ್ಲಿ ಸರಸಿ ಕೂಗಿದಳು, ಅವಳ ಹಿಂದೆಯೇ ಗೌರಿ. ಅಕ್ಕನ ಮಗಳು ಎದ್ದು ಮುಖಕ್ಕೆ ನೀರು ಹಾಕಿಕೊಂಡು, ಬಕೆಟ್ಟು ತೊಳೆದುಕೊಂಡು ಕೊಟ್ಟಿಗೆಗೆ ಹೊರಟಳು. ಮನೆ ತುಂಬ ನೆಂಟರು. ಜಗಲಿಯಲ್ಲಿ ಕೂತಿದ್ದ ಹಿರಿಯರೊಬ್ಬರು, "ಸೂತಕದ ಮನೆ ಹಾಲ ಡೇರಿಗೆ ಹಾಕೀಯಾ ಕೂಸು? ಇವತ್ತೊಂದಿನ ಬುಟ್ಬುಡು" ಎಂದರು. ಅವಳು ತಿರುಗಿಯೂ ನೋಡದೆ "ಅವ್ವ ಹೇಳೋಗೌಳೆ" ಎಂದಳು. ಮತ್ತೆ ಯಾರೂ ಮಾತಾಡಲಿಲ್ಲ. ಬದುಕಿದ್ದಾಗ ಅಕ್ಕನ ಹತ್ತಿರ ವಾದ ಮಾಡಿ ಗೆದ್ದವರು ಆ ಜಗಲಿಯಲ್ಲಿ ಒಬ್ಬರೂ ಇರಲಿಲ್ಲ. ಸತ್ತ ಮೇಲೂ ಯಾರಿಗೂ ಧೈರ್ಯ ಬರಲಿಲ್ಲ ಅಂತ ಕಾಣುತ್ತದೆ.

ಅವಳು ಹೇಳಿದ್ದು ನಿಜ. ಹೋಗುವುದಕ್ಕೆ ಎರಡು ವಾರ ಮುಂಚೆ, ಮಾತಾಡಲು ಉಸಿರು ಸಾಲದೆ ಇದ್ದಾಗ, ಮಗಳನ್ನೂ ನನ್ನನ್ನೂ ಹತ್ತಿರ ಕೂರಿಸಿಕೊಂಡು ಹೇಳಿದಳು: "ನಾನು ಓದ ದಿನ ಅಂತ ಹಾಲು ಕರೆಯೋದು ನಿಲ್ಸಬ್ಯಾಡಿ. ಕೆಚ್ಚಲು ಕಲ್ಲಾಯ್ತದೆ."

ತಾಯಂದಿರೇ, ಅಕ್ಕತಂಗಿಯರೇ, ಈ ಪುಟದಲ್ಲಿ ನಾನು ಸಾಮಾನ್ಯವಾಗಿ ಜಂತುಹುಳು, ಬೆದೆ ಗುರುತಿಸುವುದು, ಖನಿಜ ಮಿಶ್ರಣ, ಕೆಚ್ಚಲು ಬಾವು ಇಂಥ ವಿಷಯ ಬರೆಯುತ್ತೇನೆ. ಈ ಸಲ ನನ್ನ ಅಕ್ಕನ ಬಗ್ಗೆ ಬರೆಯುತ್ತೇನೆಂದು ಸಂಪಾದಕರನ್ನು ಕೇಳಿಕೊಂಡೆ. ಅವಳು ಹೋಗಿ ಒಂದು ವರ್ಷವಾಯಿತು. ಇಬ್ಬರು ಮಕ್ಕಳ ತಾಯಿ, ನನಗೂ ನಮ್ಮಣ್ಣನಿಗೂ ಅಕ್ಕ, ನಿಮ್ಮ ಹಾಗೆಯೇ ಬೆಳಿಗ್ಗೆ ಸಂಜೆ ಕ್ಯಾನು ಹೊತ್ತವಳು. ಅವಳ ಕಥೆಯಲ್ಲಿ ಒಂದು ಭಾಗ ನಾನು ಯಾರಿಗೂ ಹೇಳಿರಲಿಲ್ಲ. ಅದನ್ನು ಹೇಳಬೇಕಾದ್ದು ನಿಮಗೇ ಅನ್ನಿಸಿತು.

ನಮ್ಮದು ನಾಗಮಂಗಲ ಕಡೆಯ ಊರು. ಮಂಡ್ಯ ಜಿಲ್ಲೆ ಅಂದರೆ ಎಲ್ಲರಿಗೂ ಕಾಲುವೆ, ಕಬ್ಬು, ಗದ್ದೆ ನೆನಪಾಗುತ್ತದೆ. ನಮ್ಮ ಕಡೆ ಕಾಲುವೆ ನೀರಿಲ್ಲ. ರಾಗಿ, ಹುರುಳಿ, ತೆಂಗು, ಮತ್ತೆ ಹಸು. ಅಕ್ಕ ನನಗಿಂತ 9 ವರ್ಷ ದೊಡ್ಡವಳು. ಅವಳು ಎಸ್ಸೆಸ್ಸೆಲ್ಸಿ ಪಾಸು ಮಾಡಿದ ವರ್ಷವೇ ಅಪ್ಪ ತೀರಿಕೊಂಡರು. ನನಗಾಗ 7 ವರ್ಷ. ಕಾಲೇಜಿಗೆ ಹೋಗುತ್ತೇನೆ ಎಂದು ಅವಳು ಕೇಳಲೇ ಇಲ್ಲ, ಯಾರೂ ಹೋಗು ಅನ್ನಲೂ ಇಲ್ಲ. ಅವ್ವ ಕೂಲಿಗೆ ಹೋದರೆ ಮನೆ, ಹಸು, ನಾನು, ಮೂರೂ ಅಕ್ಕನ ಪಾಲಿಗೆ. ನನಗೆ ಹಾಲು ಕರೆಯಲು ಕಲಿಸಿದವಳು ಅವಳೇ. ಹೆಬ್ಬೆರಳು ಮಡಚಿ ಎಳೆದರೆ ಬೆನ್ನಿಗೆ ಒಂದು ಏಟು. "ಮುಷ್ಟೀಲಿ ಹಿಡಿಯಮ್ಮಿ, ಅದು ಮೊಲೆ, ಹಗ್ಗ ಅಲ್ಲ." ಹೆಬ್ಬೆರಳು ಮಡಚಿ ಕರೆದರೆ ತೊಟ್ಟಿನ ಒಳಪದರಕ್ಕೆ ಪೆಟ್ಟಾಗಿ ಬಾವಿಗೆ ದಾರಿಯಾಗುತ್ತದೆ ಎಂದು ಹತ್ತು ವರ್ಷದ ಮೇಲೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ನನಗೆ ಪಾಠ ಮಾಡಿದರು. ನನಗೆ ಬೆನ್ನು ಚುರುಕ್ಕೆಂದಿತು.

ಮದುವೆಯಾಗಿ ಪಕ್ಕದ ಊರಿಗೇ ಹೋದಳು. ಬಾವ ಸಾಧು ಮನುಷ್ಯ. ಅಲ್ಲಿ ಒಂದು ನಾಟಿ ಹಸು ಇತ್ತು. ಅಕ್ಕ ತನ್ನ ಓಲೆ ಅಡ ಇಟ್ಟು ಒಂದು ಸೀಮೆ ಹಸು ತಂದಳು. ಅತ್ತೆಗೆ ಸಿಟ್ಟು ಬಂತು, ಅದಕ್ಕೆ ಕಿವಿಗೊಡಲಿಲ್ಲ. ಸಂಘದಲ್ಲಿ ಸದಸ್ಯತ್ವ ಬಾವನ ಹೆಸರಲ್ಲಿತ್ತು, ಹದಿನೈದು ದಿನದ ಬಟವಾಡೆಯನ್ನೂ ಬಾವನೇ ಎಣಿಸಿಕೊಂಡು ಬರುತ್ತಿದ್ದರು. ಒಂದು ಬಟವಾಡೆ ದಿನ ಅಕ್ಕ ಸೆರಗು ಸಿಕ್ಕಿಸಿಕೊಂಡು ತಾನೂ ಹೋಗಿ ಸಾಲಿನಲ್ಲಿ ನಿಂತಳಂತೆ. "ಕರೆಯೋಳು ನಾನು, ಸಗಣಿ ಬಾಚೋಳು ನಾನು, ದುಡ್ಡು ಎಣ್ಸೋಕೆ ಮಾತ್ರ ನೀವಾ?" ಎಂದು ಊರವರ ಮುಂದೆ ಕೇಳಿದಳು. ಬಾವ ನಕ್ಕು ಪಕ್ಕಕ್ಕೆ ಸರಿದರು. ಅವರು ನಗದೆ ಇದ್ದಿದ್ದರೆ ಏನಾಗುತ್ತಿತ್ತೋ ಗೊತ್ತಿಲ್ಲ. ಅದೇ ವರ್ಷ ಅವಳ ಹೆಸರಲ್ಲಿ ಷೇರು ಆಯಿತು, ಪಾಸ್‌ಬುಕ್ ಆಯಿತು. ಮುಂದೆ ಮಹಿಳಾ ಮೀಸಲು ಸ್ಥಾನದಿಂದ ಸಂಘದ ನಿರ್ದೇಶಕಿಯೂ ಆದಳು. ವಾರ್ಷಿಕ ಸಭೆಯಲ್ಲಿ ಫ್ಯಾಟ್ ಎಷ್ಟು ಬಂತೆಂದು ಪ್ರತಿಯೊಬ್ಬರಿಗೂ ಯಂತ್ರದಲ್ಲಿ ತೋರಿಸಿಯೇ ಬರೆಯಬೇಕು ಎಂದು ಹಟ ಹಿಡಿದು, ಠರಾವಿನ ಪುಸ್ತಕದಲ್ಲಿ ಬರೆಸಿ, ಬರೆದದ್ದನ್ನು ಓದಿಸಿ ಕೇಳಿಕೊಂಡೇ ಎದ್ದಳು.

ನಾನು ಹೆಬ್ಬಾಳದಲ್ಲಿ ಓದಿದ 5 ವರ್ಷದ ಮೆಸ್ ಬಿಲ್ಲು ಆ ಪಾಸ್‌ಬುಕ್ಕಿನಿಂದಲೇ ಬಂತು. ಇದನ್ನು ಅವಳು ಒಂದು ದಿನವೂ ಎತ್ತಿ ಆಡಲಿಲ್ಲ. ಆದರೆ ರಜೆಗೆ ಬಂದರೆ ಕೊಟ್ಟಿಗೆ ಗುಡಿಸದೆ ಊಟಕ್ಕೆ ಕೂರಲು ಬಿಡುತ್ತಿರಲಿಲ್ಲ.

ಅವಳು ಹಸು ಸಾಕಿದ ರೀತಿ ನೋಡಿದರೆ, ನಾವು ಶಿಬಿರಗಳಲ್ಲಿ ಹೇಳುವ ಮಾತುಗಳೆಲ್ಲ ಅವಳಿಂದಲೇ ಕದ್ದದ್ದು ಅನ್ನಿಸುತ್ತದೆ. ಪ್ರತಿ ಮೊಲೆಯ ಮೊದಲ ಎರಡು ಧಾರೆ ಕಪ್ಪು ಬಟ್ಟೆ ಕಟ್ಟಿದ ಲೋಟಕ್ಕೆ. ಒಂದು ಚೂರು ಗಡ್ಡೆ, ಒಂದು ಎಳೆ ಕಂಡರೂ ಆ ಹಸುವನ್ನು ಕೊನೆಯಲ್ಲಿ ಕರೆದು ಕೈ ತೊಳೆಯುವಳು. ಕರೆದಾದ ಮೇಲೆ ಗೋದಲಿಗೆ ಹಸಿಹುಲ್ಲು ಹಾಕುವಳು. ಹಾಲು ಕರೆದ ಮೇಲೆ ತೊಟ್ಟಿನ ಬಾಯಿ ಮುಚ್ಚಿಕೊಳ್ಳಲು ಅರ್ಧ ಗಂಟೆಯಾದರೂ ಬೇಕು, ಅಷ್ಟರಲ್ಲಿ ಹಸು ಮಲಗಿದರೆ ನೆಲದ ರೋಗಾಣು ಒಳಗೆ ಹೋಗುತ್ತದೆ. ತಿನ್ನುತ್ತಾ ನಿಂತರೆ ಆ ಭಯವಿಲ್ಲ. ಇದನ್ನು ಅವಳಿಗೆ ನಾನು ಹೇಳಿಕೊಟ್ಟೆ ಎಂದುಕೊಂಡಿದ್ದೆ. "ನಿಮ್ಮಜ್ಜಿ ಮಾಡ್ತಿದ್ಲು ಕಣಮ್ಮಿ" ಎಂದಳು.

ಒಮ್ಮೆ ಗೌರಿಗೆ ಆಂಟಿಬಯಾಟಿಕ್ ಕೊಟ್ಟಿದ್ದೆ. ಔಷಧಿ ಪೂರ್ತಿ ಇಳಿಯುವ ತನಕ ಆ ಹಾಲು ಡೇರಿಗೆ ಹಾಕಬಾರದು ಎಂದು ಹೇಳಿದ್ದೆ. ಅಷ್ಟು ದಿನವೂ ಅವಳು ಗೌರಿಯ ಹಾಲನ್ನು ತಿಪ್ಪೆಗೆ ಸುರಿದಳು. ಅತ್ತೆ ಬಾಗಿಲಲ್ಲಿ ನಿಂತು ಅತ್ತರಂತೆ. ಪಕ್ಕದ ಮನೆಯಲ್ಲಿದ್ದ ಅವಳ ಓರಗಿತ್ತಿ, "ಯಾರಿಗೆ ಗೊತ್ತಾಯ್ತದೆ, ಒಟ್ಟಿಗೆ ಬೆರ್ಸಾಕ್ಬುಡು" ಅಂದಿದ್ದಕ್ಕೆ, "ನಂಗೆ ಗೊತ್ತಾಯ್ತದಲ್ಲ" ಅಂದಳಂತೆ.

ಆ ಓರಗಿತ್ತಿಗೂ ಇವಳಿಗೂ ಯಾವಾಗಲೂ ಅಷ್ಟಕ್ಕಷ್ಟೇ. ಅದು ಹೆಚ್ಚಾದದ್ದು 2013ರಲ್ಲಿ. ಆ ವರ್ಷದ ಕಾಲುಬಾಯಿ ಜ್ವರ ನಿಮ್ಮಲ್ಲಿ ಯಾರೂ ಮರೆತಿರಲಾರಿರಿ. ನಮ್ಮ ರಾಜ್ಯದಲ್ಲಿ ಊರೂರಲ್ಲಿ ಹಸುಗಳು ಸತ್ತವು. ಅಕ್ಕನ ಮೂರು ಹಸುವಿಗೂ ಬಂತು. ಅವಳು ಮೊದಲು ಮಾಡಿದ ಕೆಲಸವೆಂದರೆ ತನ್ನ ಬಾಗಿಲಿಗೆ ಅಡ್ಡ ಮುಳ್ಳು ಎಳೆದದ್ದು. ತಾನು ಬೇರೆಯವರ ಕೊಟ್ಟಿಗೆಗೆ ಹೋಗಲಿಲ್ಲ, ಯಾರನ್ನೂ ತನ್ನ ಕೊಟ್ಟಿಗೆಗೆ ಬಿಡಲಿಲ್ಲ. ಆ ರೋಗ ಕಾಲಿಗೆ ಅಂಟಿದ ಮಣ್ಣಿನಲ್ಲಿ, ಬಟ್ಟೆಯಲ್ಲಿ, ಕ್ಯಾನಿನಲ್ಲಿ ಕೂಡ ಹೋಗುತ್ತದೆ. ಓರಗಿತ್ತಿ ನೋಡಲು ಬಂದಾಗ ಮುಳ್ಳಿನಾಚೆಯಿಂದಲೇ ವಾಪಸ್ ಕಳಿಸಿದಳು. "ನಾನೇನು ಹೊಲೆಗೆಟ್ಟೋಳಾ" ಎಂದು ಅವರು ಮಾತು ಬಿಟ್ಟರು. ಅವರ ಎರಡು ಹಸು ಉಳಿದವು. ಮಾತು ಮಾತ್ರ ಬಹಳ ದಿನ ಸರಿಹೋಗಲಿಲ್ಲ.

ನಾನಾಗ ಇಂಟರ್ನ್‌ಶಿಪ್‌ನಲ್ಲಿದ್ದೆ. ರಾತ್ರಿ ಫೋನು ಮಾಡಿ ಏನೇನು ಮಾಡಬೇಕೆಂದು ಕೇಳುವಳು. ಅಡುಗೆ ಸೋಡಾ ನೀರಿನಲ್ಲಿ ಬಾಯಿ ತೊಳೆದು, ಜೇನುತುಪ್ಪದಲ್ಲಿ ರಾಗಿ ಹಿಟ್ಟು ಕಲಸಿ ಹುಣ್ಣಿಗೆ ಸವರುವುದು. ಅಂಬಲಿಯನ್ನು ತೆಳ್ಳಗೆ ಕಾಯಿಸಿ ಆರಿಸಿ ಗಂಟೆಗೊಮ್ಮೆ ಕುಡಿಸುವುದು. ಗೊರಸಿನ ಸಂದಿ ತೊಳೆದು ಔಷಧಿ ಹಾಕುವುದು. ಎಂಟು ದಿನ ಕೊಟ್ಟಿಗೆಯಲ್ಲೇ ಮಲಗಿದಳು. ಕರು ಸತ್ತಿತು. ಆ ರೋಗ ಎಳೆಗರುವಿನ ಹೃದಯಕ್ಕೇ ಹೋಗುತ್ತದೆ, ನಿಂತಲ್ಲೇ ಬೀಳುತ್ತವೆ. ಮೂರು ಹಸು ಬದುಕಿದವು, ಆದರೆ ಒಂದು ಮೊದಲಿನಂತಾಗಲಿಲ್ಲ. ಮೈ ತುಂಬ ಉದ್ದ ಕೂದಲು ಬೆಳೆದು, ಬಿಸಿಲು ಏರಿದರೆ ನಾಲಿಗೆ ಚಾಚಿ ಏದುತ್ತಿತ್ತು. ದಳ್ಳಾಳಿ ಮೂರು ಸಲ ಬಂದು ಹೋದ. "ನನ್ನ ತಂಗಿ ಡಾಕ್ಟ್ರಾಗೋಕೆ ಅದು ಹಾಲು ಕೊಟ್ಟೈತೆ, ಈಗ ವಸಿ ಕೂತ್ಕಂಡು ಉಣ್ಣಲಿ" ಎಂದು ಅವನನ್ನು ಓಡಿಸಿದಳು. ಲೆಕ್ಕ ನೋಡಿದರೆ ಅದು ನಷ್ಟದ ಕೆಲಸವೇ. ವೈದ್ಯಾಧಿಕಾರಿಯಾಗಿ ನಾನು ಯಾರಿಗೂ ಹಾಗೆ ಮಾಡಿ ಎಂದು ಹೇಳಲಾರೆ.

ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ರಾತ್ರಿ ಅವಳ ಊರಿನಲ್ಲೇ ಒಂದು ಹಸು ಕರು ಹಾಕಲಾರದೆ ಒದ್ದಾಡುತ್ತಿತ್ತು. ಎರಡು ಕಾಲು ಹೊರಗೆ ಬಂದಿದೆ, ತಲೆ ಇಲ್ಲ. ನಾನು ಹೋದೆ. "ಹೆಣ್ಣು ಡಾಕ್ಟ್ರು ಕೈಲಿ ಆಯ್ತದಾ, ಗಂಡು ಡಾಕ್ಟ್ರ ಕರೀರಿ" ಎಂದು ಸುತ್ತ ನಿಂತವರು ನನ್ನ ಎದುರಿಗೇ ಮಾತಾಡಿದರು. ನನಗೂ ಆಗುವುದಿಲ್ಲ ಅನ್ನಿಸಿಬಿಟ್ಟಿತ್ತು. ಕರುವಿನ ಕತ್ತು ಹಿಂದಕ್ಕೆ ಪೂರ್ತಿ ಮಡಚಿಕೊಂಡಿತ್ತು. ಅಕ್ಕ ಟಾರ್ಚು ಹಿಡಿದು ಬಂದವಳೇ, "ಕರು ಈಯೋಳು ಹೆಣ್ಣು, ಈಸೋಳು ಹೆಣ್ಣಾದ್ರೆ ನಿಮಗೇನ್ರೋ? ದೂರ ನಿಂತ್ಕಳಿ" ಎಂದು ಎಲ್ಲರನ್ನೂ ಅಟ್ಟಿ, ನನ್ನ ತೋಳಿಗೆ ತಾನೇ ಸೋಪಿನ ನೊರೆ ಹಚ್ಚಿದಳು. ಕರುವನ್ನು ಒಳಕ್ಕೆ ತಳ್ಳಿ, ಜಾಗ ಮಾಡಿಕೊಂಡು, ಮೂತಿ ಸಿಗುವ ತನಕ ಕೈ ಆಡಿಸಿ, ಕೆಳದವಡೆಗೆ ಹಗ್ಗ ಸಿಕ್ಕಿಸಿ ತಲೆಯನ್ನು ತಿರುಗಿಸಿದೆ. ಮುಕ್ಕಾಲು ಗಂಟೆ ಹಿಡಿಯಿತು. ಕರು ಉಸಿರಾಡುತ್ತಿರಲಿಲ್ಲ. ಅಕ್ಕ ಅದರ ಮೂಗಿಗೆ ಹುಲ್ಲುಕಡ್ಡಿ ಆಡಿಸಿ, ಎದೆ ತಿಕ್ಕಿ ತಿಕ್ಕಿ ಸೀನುವಂತೆ ಮಾಡಿದಳು. ಮನೆಗೆ ಬಂದ ಮೇಲೆ ನಾನು ಅತ್ತೆ. ಅವಳು ಬಿಸಿ ಮುದ್ದೆ ಇಟ್ಟು, "ಉಣ್ಣು, ನಾಳೆ ಮಾಸು ಬಿತ್ತಾ ಅಂತ ಹೋಗಿ ನೋಡ್ಕಂಡ್ ಬಾ" ಎಂದಳು. ಅಷ್ಟೇ.

ಅವಳ ಜೊತೆ ಬದುಕುವುದು ಸುಲಭವಾಗಿತ್ತು ಎಂದರೆ ಸುಳ್ಳಾಗುತ್ತದೆ. ಮಗನಿಗೆ ಹತ್ತನೇ ತರಗತಿಯ ತನಕ ಏಟು ಬೀಳುತ್ತಿತ್ತು. ನಮ್ಮಣ್ಣ ಅಪ್ಪನ ಎರಡು ಎಕರೆಗೆ ಹಕ್ಕು ಬಿಡುಗಡೆ ಪತ್ರ ತಂದಾಗ ನಾನು ಪೆನ್ನು ತೆಗೆದಿದ್ದೆ, ಅಕ್ಕ ಕಿತ್ತುಕೊಂಡಳು. "ನಂಗೆ ಜಮೀನು ಬ್ಯಾಡ. ನಂದಲ್ಲ ಅಂತ ರುಜು ಹಾಕೋದೂ ಇಲ್ಲ. ಅವ್ವ ಇರೋಗಂಟ ಅದ್ರ ಬೆಳೆ ಅವ್ವಂಗೆ" ಎಂದಳು. ಅಕ್ಕ ತಮ್ಮ ಎರಡು ವರ್ಷ ಮುಖ ನೋಡಲಿಲ್ಲ. ಗೌರಿ ಹಬ್ಬದ ಬಾಗಿನವೂ ಬರಲಿಲ್ಲ. ಅವ್ವನಿಗೆ ಮಾತ್ರ ಆ ಎರಡು ವರ್ಷವೂ ರಾಗಿ ತಪ್ಪಲಿಲ್ಲ. ಅದೇ ಅಣ್ಣ ಮುಂದೆ ಅಕ್ಕನ ಆಸ್ಪತ್ರೆಯ ವರಾಂಡದಲ್ಲಿ ಚಾಪೆ ಹಾಸಿಕೊಂಡು ರಾತ್ರಿಗಳನ್ನು ಕಳೆದ.

2023ರ ದಸರಾ ರಜೆಯಲ್ಲಿ ಅಕ್ಕನ ಮಗಳು ನನಗೆ ಫೋನು ಮಾಡಿದಳು. "ಚಿಕ್ಕವ್ವ, ಅವ್ವ ಒಂದೇ ಕೈಲಿ ಹಾಲು ಕರೀತೌಳೆ. ಎಡಗೈ ಸೋಲ್ತದೆ ಅಂತಾಳೆ. ಕೇಳಿದ್ರೆ ಬೈತಾಳೆ." ಮಾರನೆಯ ದಿನ ಹೋದೆ. ಅಕ್ಕನ ಎಡತೋಳು ಊದಿತ್ತು. ಬಚ್ಚಲಿಗೆ ಕರೆದುಕೊಂಡು ಹೋಗಿ ರವಿಕೆ ಬಿಚ್ಚು ಎಂದೆ. ಬಿಚ್ಚಲಿಲ್ಲ. ನಾನು ಅತ್ತಮೇಲೆ ಬಿಚ್ಚಿದಳು. ಎಡ ಎದೆಯ ಚರ್ಮ ಕಿತ್ತಳೆ ಸಿಪ್ಪೆಯ ಹಾಗೆ ಗುಳಿಗುಳಿಯಾಗಿತ್ತು, ತೊಟ್ಟು ಒಳಕ್ಕೆ ಎಳೆದುಕೊಂಡಿತ್ತು. ಕಂಕುಳಲ್ಲಿ ಗಂಟು. ಸಾವಿರಾರು ಕೆಚ್ಚಲು ಮುಟ್ಟಿ ನೋಡಿದ ಕೈ ನನ್ನದು. ಮುಟ್ಟಿದ ಕೂಡಲೇ ಗೊತ್ತಾಯಿತು.

"ನೋವಿಲ್ಲ ಕಣಮ್ಮಿ, ಅದ್ಕೇ ಬುಟ್ಟಿದ್ದೆ" ಎಂದಳು.

ಬೆಂಗಳೂರಿನ ಕಿದ್ವಾಯಿಯಲ್ಲಿ ತೋರಿಸಿದೆವು. ಆಗಲೇ ಮೂಳೆಗೂ ಯಕೃತ್ತಿಗೂ ಹರಡಿತ್ತು. ಆಯುಷ್ಮಾನ್ ಕಾರ್ಡಿನಲ್ಲಿ ಚಿಕಿತ್ಸೆ ನಡೆಯಿತು. ನಾವು ಕೈಯಿಂದ ಹಾಕಿದ್ದು ಬಸ್ಸಿಗೆ, ಊಟಕ್ಕೆ, ಕೆಲವು ಔಷಧಿಗೆ. ಕೀಮೋ ಹಾಕಿಸಿಕೊಂಡು ಊರಿಗೆ ಬರುವಳು, ಎರಡು ದಿನ ವಾಂತಿ, ಮೂರನೆಯ ದಿನ ಕೊಟ್ಟಿಗೆ ಬಾಗಿಲ ಕಲ್ಲಿನ ಮೇಲೆ ಹಾಜರು. ಭಾರ ಎತ್ತಬಾರದು ಎಂದು ಡಾಕ್ಟರು ಹೇಳಿದ್ದರು, ಬಾಯಿ ಮುಚ್ಚಬೇಕೆಂದು ಹೇಳಿರಲಿಲ್ಲ. ಮಗಳು ಕರೆಯುತ್ತಿದ್ದರೆ ಅಲ್ಲಿಂದಲೇ, "ಬಲಗಡೆ ಹಿಂದಿನದ್ರಲ್ಲಿ ಇನ್ನೂ ಐತೆ, ಪೂರ್ತಿ ತೆಗಿ" ಎನ್ನುವಳು. ಧಾರೆಯ ಸದ್ದಿನಲ್ಲೇ ಅವಳಿಗೆ ತಿಳಿಯುತ್ತಿತ್ತು. ತಲೆಗೂದಲು ಉದುರಿದ ಮೇಲೆ ಒಂದು ದಿನ ವಸ್ತ್ರ ಕಟ್ಟಿಕೊಂಡು ಸರಸಿಯ ಹತ್ತಿರ ಹೋದಳು. ಅದು ಬಹಳ ಹೊತ್ತು ಅವಳ ತಲೆ, ಕುತ್ತಿಗೆ, ಕೈ ಎಲ್ಲ ಮೂಸಿತು. ಆಮೇಲೆ ಅಂಗೈ ನೆಕ್ಕಿತು. "ನೋಡ್ದಾ, ಗುರ್ತು ಹಿಡಿದ್ಲು" ಎಂದು ನಗಾಡಿದಳು. ಆ ವರ್ಷದಲ್ಲಿ ಅವಳು ನಕ್ಕದ್ದನ್ನು ನೋಡಿದ್ದು ಬಹಳ ಕಡಿಮೆ, ಹಾಗಾಗಿ ಅದು ಸ್ಪಷ್ಟವಾಗಿ ನೆನಪಿದೆ. 2024ರ ಕಾರ್ತಿಕದಲ್ಲಿ ಹೋದಳು. 43 ವರ್ಷ.

ಈಗ ಯಾರಿಗೂ ಹೇಳದ ಭಾಗ.

ಅಕ್ಕ ಹಸುಗಳ ಲೆಕ್ಕವೆಲ್ಲ ಗೋಡೆ ಕ್ಯಾಲೆಂಡರಿನಲ್ಲಿ ಬರೆಯುತ್ತಿದ್ದಳು. ಬೆದೆಗೆ ಬಂದ ದಿನ, ಸೂಜಿ ಹಾಕಿಸಿದ ದಿನ, ಅಲ್ಲಿಂದ 21 ದಿನಕ್ಕೆ ಒಂದು ಸುತ್ತು, ಮೂರು ತಿಂಗಳಿಗೆ ಗಬ್ಬ ಪರೀಕ್ಷೆ, ಕರು ಹಾಕಲು ಎರಡು ತಿಂಗಳಿರುವಾಗ ಹಾಲು ಬತ್ತಿಸುವ ದಿನ. ಜಾಗ ಸಣ್ಣದು, ಅದಕ್ಕೆ ಹೆಸರಿನ ಮೊದಲ ಅಕ್ಷರ ಮಾತ್ರ. ಸ. ಅಂದರೆ ಸರಸಿ, ಗೌ. ಅಂದರೆ ಗೌರಿ. ಹಳೆಯ ಕ್ಯಾಲೆಂಡರುಗಳನ್ನು ಸುರುಳಿ ಸುತ್ತಿ ಅಟ್ಟದ ಮೇಲೆ ಇಡುತ್ತಿದ್ದಳು. ಹನ್ನೊಂದನೆಯ ದಿನದ ಕಾರ್ಯ ಮುಗಿದ ಮೇಲೆ, ಸರಸಿ ಹಿಂದಿನ ಸಲ ಯಾವಾಗ ಕರು ಹಾಕಿದ್ದು ಎಂದು ನೋಡಲು 2023ರದ್ದನ್ನು ಬಿಚ್ಚಿದೆ.

ಫೆಬ್ರವರಿಯ ಒಂದು ಮನೆಯಲ್ಲಿ ಬರೆದಿತ್ತು: "ನಾ. ಎಡ. ಗಂಟು. ನೋವಿಲ್ಲ."

ನಾ. ಅಂದರೆ ಯಾವ ಹಸು ಎಂದು ನಾನು ಸ್ವಲ್ಪ ಹೊತ್ತು ಯೋಚಿಸಿದೆ. ಆ ಕೊಟ್ಟಿಗೆಯಲ್ಲಿ ಆ ಅಕ್ಷರದ ಹಸು ಯಾವತ್ತೂ ಇರಲಿಲ್ಲ.

ಏಪ್ರಿಲ್‌ನಲ್ಲಿ ಇನ್ನೊಮ್ಮೆ: "ನಾ. ನೋವಿಲ್ಲ." ಮೇ ತಿಂಗಳಲ್ಲಿ "ಗೌ. ಎಡ ಹಿಂದು. ಬಾವು. ತಂಗಿ ಬಂದ್ಲು" ಎಂದಿದೆ. ಆ ದಿನ ನನಗೆ ಚೆನ್ನಾಗಿ ನೆನಪಿದೆ. ಗೌರಿಯ ಕೆಚ್ಚಲು ಬಿಸಿಯಾಗಿ ಊದಿತ್ತು, ಕೈ ಇಟ್ಟರೆ ಒದೆಯುತ್ತಿತ್ತು. ಅಕ್ಕ ಬಾಲ ಹಿಡಿದು ನಿಂತಿದ್ದಳು. ನಾನು ಬಗ್ಗಿ ಕೆಚ್ಚಲನ್ನು ಒತ್ತಿ ಒತ್ತಿ ನೋಡುತ್ತಾ, ಬೇಗ ಫೋನು ಮಾಡಿದ್ದು ಒಳ್ಳೆಯದಾಯಿತು ಎಂದು ಅವಳನ್ನು ಹೊಗಳಿದೆ. ಅವಳ ಎದೆಯಲ್ಲಿ ಆಗ ಮೂರು ತಿಂಗಳ ಗಂಟಿತ್ತು. ಜುಲೈನಲ್ಲಿ: "ನಾ. ವಸಿ ದಪ್ಪ." ಆಮೇಲೆ ಏನೂ ಬರೆದಿಲ್ಲ.

ಅವಳು ಯಾಕೆ ಹೇಳಲಿಲ್ಲ ಎಂದು ಒಂದು ವರ್ಷ ಯೋಚಿಸಿದ್ದೇನೆ. ಫೆಬ್ರವರಿಯಲ್ಲಿ ಮಗಳಿಗೆ ಪಿಯುಸಿ ಪರೀಕ್ಷೆ ಹತ್ತಿರವಿತ್ತು. ಕೊಟ್ಟಿಗೆ ಬಿಟ್ಟು ಒಂದು ದಿನ ಹೊರಗೆ ಹೋಗುವುದೆಂದರೆ ಎರಡು ಹೊತ್ತಿನ ಹಾಲಿನ ಪ್ರಶ್ನೆ. ಗಂಡು ಡಾಕ್ಟರ ಮುಂದೆ ರವಿಕೆ ಬಿಚ್ಚಬೇಕಲ್ಲ ಎಂಬ ಸಂಕೋಚ. ಊರಿನಲ್ಲಿ ಮನೆಮನೆಗೆ ಹೋಗಿ ಯಶಸ್ವಿನಿಗೆ ಹೆಸರು ಬರೆಸಿದವಳು ಅವಳು, ಕಾರ್ಡಿನ ಬೆಲೆ ಗೊತ್ತಿಲ್ಲದವಳಲ್ಲ. ಇವೆಲ್ಲ ಇದ್ದವು. ಆದರೆ ಅವಳ ಕೈಬರಹವೇ ಬೇರೆ ಕಾರಣ ಹೇಳುತ್ತಿದೆ. ನೋವಿಲ್ಲ, ನೋವಿಲ್ಲ. ಹಸುವಿನಿಂದ ಅವಳು ಕಲಿತ ಪಾಠ ಅದು. ಕೆಚ್ಚಲು ಕೆಟ್ಟರೆ ಬಿಸಿ, ಊತ, ಕೆಂಪು, ನೋವು. ಮುಟ್ಟಿದರೆ ಒದೆಯಬೇಕು. ಒದೆಯದಿದ್ದರೆ ಅದು ಕಾಯಿಲೆಯಲ್ಲ.

ಹೆಂಗಸಿನ ಎದೆಯಲ್ಲಿ ಹಾಗಲ್ಲ. ಅಲ್ಲಿ ಕ್ಯಾನ್ಸರ್ ಗಂಟು ಶುರುವಿನಲ್ಲಿ ಬಹಳ ಮಂದಿಗೆ ನೋಯುವುದೇ ಇಲ್ಲ. ಹಸುಗಳ ಕೆಚ್ಚಲಲ್ಲಿ ಕ್ಯಾನ್ಸರ್ ತೀರಾ ಅಪರೂಪ. ನಾಯಿಗಳಲ್ಲಿ ನೋಡುತ್ತೇವೆ, ಹಸುಗಳಲ್ಲಿ ನಾನು ಒಂದನ್ನೂ ನೋಡಿಲ್ಲ. ಹಾಗಾಗಿ ಹಸುವಿನಿಂದ ಅಕ್ಕನಿಗೆ ಅದು ತಿಳಿಯುವ ದಾರಿ ಇರಲಿಲ್ಲ. ತಿಳಿಸಬೇಕಾಗಿದ್ದವಳು ನಾನು. ಹಾಲು ನೋಡಲು ಚೆನ್ನಾಗಿದ್ದು, ಕೆಚ್ಚಲೂ ನೋಯದೆ, ಒಳಗೇ ಬಾವಿರಬಹುದು, ಅದಕ್ಕೇ ನಾಲ್ಕು ಬಟ್ಟಲಿನ ತಟ್ಟೆಯಲ್ಲಿ ದ್ರಾವಣ ಹಾಕಿ ಪರೀಕ್ಷೆ ಮಾಡಬೇಕು ಎಂದು ಅವಳ ಕೊಟ್ಟಿಗೆಯಲ್ಲೇ ನಿಂತು ಊರಿನ ಹೆಂಗಸರಿಗೆ ತೋರಿಸಿದ್ದೆ. ನೋಯದ ಕಾಯಿಲೆಯನ್ನು ಹುಡುಕಿಕೊಂಡು ಹೋಗಬೇಕು ಎಂಬ ಮಾತನ್ನು ಹಸುವಿಗೆ ಹೇಳಿದೆ, ಬಾಲ ಹಿಡಿದು ನಿಂತವಳಿಗೆ ಹೇಳಲು ತೋಚಲಿಲ್ಲ.

ಹಾಗಾಗಿ ಈಗ ನನ್ನ ಶಿಬಿರಗಳಲ್ಲಿ ಹಸುಗಳ ಪರೀಕ್ಷೆ ಮುಗಿದ ಮೇಲೆ ಗಂಡಸರನ್ನು ಟೀ ಕುಡಿಯಲು ಕಳಿಸಿ ಹತ್ತು ನಿಮಿಷ ಹೆಂಗಸರ ಹತ್ತಿರ ಮಾತಾಡುತ್ತೇನೆ. ಇದು ನನ್ನ ಡ್ಯೂಟಿಯಲ್ಲ, ನಾನು ಮನುಷ್ಯರ ಡಾಕ್ಟರೂ ಅಲ್ಲ. ನಾನು ಹೇಳುವುದು ಇಷ್ಟೇ. ತಿಂಗಳಿಗೊಮ್ಮೆ, ಮುಟ್ಟು ನಿಂತು ನಾಲ್ಕೈದು ದಿನವಾದ ಮೇಲೆ, ಸ್ನಾನ ಮಾಡುವಾಗ ಸೋಪು ಹಚ್ಚಿದ ಕೈಯಲ್ಲಿ ನೋಡಿಕೊಳ್ಳಿ. ಚಿವುಟಬೇಡಿ, ಮೂರು ಬೆರಳನ್ನು ಚಪ್ಪಟೆಯಾಗಿ ಇಟ್ಟು, ಒತ್ತಿ ಸುತ್ತಿಸುತ್ತಾ ಕಂಕುಳಿಂದ ತೊಟ್ಟಿನ ತನಕ ಬನ್ನಿ. ಮುಟ್ಟು ನಿಂತೇ ಹೋದವರು ಒಂದು ತಾರೀಖು ಗೊತ್ತು ಮಾಡಿಕೊಳ್ಳಿ. ಬಟವಾಡೆ ದಿನ ಮರೆಯುವುದಿಲ್ಲವಲ್ಲ, ಅದೇ ಆಗಲಿ. ಗಂಟು, ಚರ್ಮದಲ್ಲಿ ಗುಳಿ, ಒಳಕ್ಕೆ ಸೇದಿಕೊಂಡ ತೊಟ್ಟು, ತೊಟ್ಟಿನಿಂದ ರಕ್ತದಂಥ ನೀರು, ಕಂಕುಳಲ್ಲಿ ಗೆಡ್ಡೆ, ಇವುಗಳಲ್ಲಿ ಒಂದು ಕಂಡರೂ ನೋವಿಗೆ ಕಾಯಬೇಡಿ. 30 ದಾಟಿದ ಹೆಂಗಸರಿಗೆ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಎದೆಯ ತಪಾಸಣೆ ಉಂಟು, ಆಶಾ ಕಾರ್ಯಕರ್ತೆಯನ್ನು ಕೇಳಿದರೆ ದಿನ ಹೇಳುತ್ತಾರೆ, ಜೊತೆಗೂ ಬರುತ್ತಾರೆ. ಗಂಟುಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲ. ಯಾವುದು ಹೌದು, ಯಾವುದು ಅಲ್ಲ ಎಂದು ಮನೆಯಲ್ಲಿ ಕೂತು ಹೇಳಲು ನನಗೂ ಆಗುವುದಿಲ್ಲ, ನಿಮಗೂ ಆಗುವುದಿಲ್ಲ. ಬೇಗ ಸಿಕ್ಕಿದರೆ ವಾಸಿಯಾಗುವ ಕಾಯಿಲೆ ಅದು.

ಮೊದಲ ಸಲ ಈ ಮಾತಾಡಿದ್ದು ಅಕ್ಕನ ಊರಿನಲ್ಲೇ. ಹೆಂಗಸರು ಸೆರಗು ಬಾಯಿಗೆ ಹಿಡಿದು ನಕ್ಕರು. ಅಕ್ಕನ ಓರಗಿತ್ತಿ ಹಿಂದಿನ ಸಾಲಿನಲ್ಲಿ ಕೂತಿದ್ದರು, ಮಧ್ಯದಲ್ಲೇ ಎದ್ದು ಹೋದರು. ಸಂಜೆ ಅಕ್ಕನ ಮನೆಯಲ್ಲಿ ಕಾಫಿ ಕುಡಿಯುತ್ತಿದ್ದಾಗ ಹಿತ್ತಲ ಬಾಗಿಲಿಂದ ಬಂದರು. ಅಕ್ಕನ ಮಗಳನ್ನು ಹೊರಗೆ ಹೋಗು ಎಂದು ಕಳಿಸಿ, ನನ್ನ ಪಕ್ಕ ಕೂತು, ಬಹಳ ಹೊತ್ತು ಹಸುವಿನ ಮಾತೇ ಆಡಿದರು. ಕೊನೆಗೆ, "ನಂಗೂ ಒಂದೈತೆ ಕಣವ್ವ. ಎರಡು ವರ್ಷ ಆಯ್ತು. ನೋವಿಲ್ಲ" ಎಂದರು.

ಮಾರನೆಯ ದಿನವೇ ಅಕ್ಕನ ಮಗಳು ಅವರನ್ನು ಬಸ್ಸು ಹತ್ತಿಸಿಕೊಂಡು ಹೋದಳು. ಸ್ಕ್ಯಾನಿಂಗ್ ಆಯಿತು, ಸೂಜಿ ಹಾಕಿ ಪರೀಕ್ಷೆಗೆ ತೆಗೆದರು. ರಿಪೋರ್ಟಿಗೆ ಒಂದು ವಾರ ಕಾದೆವು. ಬರೀ ಕೊಬ್ಬಿನ ಗಡ್ಡೆಯಂತೆ. ಸಂಜೆ ಓರಗಿತ್ತಿಯೇ ಫೋನು ಮಾಡಿದರು, ದನಿಯಲ್ಲಿ ಸಿಟ್ಟು.

"ಏನೂ ಇಲ್ವಂತೆ. ಬಸ್‌ ಚಾರ್ಜು, ಒಂದಿನದ ಕೂಲಿ, ಒಂದೊತ್ತಿನ ಹಾಲು, ಎಲ್ಲಾ ದಂಡ. ಆ ಹುಡ್ಗಿ ನೋಡು, ಕೊಟ್ಟಿಗೆ ಕೆಲ್ಸ ಬುಟ್ಟು ನನ್ನ ಎಳ್ಕಂಡೋದ್ಲು. ಥೇಟ್ ಅವ್ರವ್ವನಂಗೇ."

ಸರಿ ಅತ್ತೆ ಎಂದೆ. ಫೋನು ಇಡುತ್ತಾರೆ ಅಂದುಕೊಂಡರೆ ಇಡಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, ಮುಂದಿನ ತಪಾಸಣೆ ಯಾವಾಗ ಅಂತ ಕ್ಯಾಲೆಂಡರಿನಲ್ಲಿ ಬರೆಯಬೇಕಂತಲ್ಲ, ಅದನ್ನು ಹೇಗೆ ಬರೆಯುವುದು ಎಂದು ಕೇಳಿದರು.